ಮೆಣಸಿನ ಗಿಡದ ಎಲೆಗೆ ಎಲ್ಲಾ ಹೊಡೆದಾಯ್ತು, ಕಾಯಿ ಮಾತ್ರ ಇಲ್ಲ

ಮೂರನೇ ಮಹಡಿ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಒಂಬತ್ತು ಮೆಣಸಿನ ಗಿಡ ಇಟ್ಟಿದೀನಿ. ಐದು ಅರ್ಕ ಮೇಘನ, ಮೂರು ಬಜ್ಜಿ ಮೆಣಸಿನಕಾಯಿ, ಒಂದು ಊರಿಂದ ತಂದ ಸೂಜಿ ಮೆಣಸು. 12 ಇಂಚಿನ ಗ್ರೋ ಬ್ಯಾಗು. ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಮೂರೂ ಸಮಸಮ. ಅಕ್ಟೋಬರ್ ಕೊನೇಲಿ ಸಸಿ ನೆಟ್ಟಿದ್ದು, ಈಗ ಮಾರ್ಚ್.

ಗಿಡ ಎದೆಯೆತ್ತರ ಬಂದಿದೆ, ಎಲೆ ಕಡುಹಸಿರು. ಆದರೆ ಹೂವು ಬಿಟ್ಟಿದ್ದೆಲ್ಲ ಉದುರಿಹೋಗ್ತಿದೆ. ತುದಿಯ ಚಿಗುರು ಮುದುಡಿಕೊಳ್ತಿದೆ, ಹಳೇ ಎಲೆಗಳ ಅಂಚು ಸುಟ್ಟ ಹಾಗೆ ಕಂದು. ಐದು ತಿಂಗಳಲ್ಲಿ ಒಂಬತ್ತು ಗಿಡದಿಂದ ಬಂದಿದ್ದು ಒಟ್ಟು ಹನ್ನೊಂದು ಕಾಯಿ. ಹೌದು, ಎಣಿಸಿದೀನಿ.

ನಾನು ಮಾಡ್ತಿರೋದು: ಸೋಮವಾರ 19:19:19 (ನೀರಲ್ಲಿ ಕರಗೋ ಗೊಬ್ಬರದ ಪುಡಿ) ಎಲೆಗೆ ಸ್ಪ್ರೇ. ಬುಧವಾರ ಹುಳಿ ಮಜ್ಜಿಗೆ. ಶುಕ್ರವಾರ ಎಪ್ಸಮ್ ಸಾಲ್ಟ್. ಭಾನುವಾರ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು. ಮಧ್ಯೆ ಮಧ್ಯೆ ಬೇವಿನ ಎಣ್ಣೆ. ಇಷ್ಟೆಲ್ಲಾ ಮಾಡಿದ ಮೇಲೂ ಇನ್ನೇನು ಹೊಡೀಬೇಕು? ಪಂಚಗವ್ಯ ಸೇರಿಸಲಾ?

ಸೊಪ್ಪಿನ ಸಾರು
ಈ ವಾರದ ಊಟದ ಪಟ್ಟಿ ನಮ್ಮ ಮನೇಲೂ ಇಲ್ಲ ಮೇಡಂ.

ಅಜ್ಜಿ ತೋಟ (ಮೈಸೂರು)
ಮಜ್ಜಿಗೆ ಬಿಡಬೇಡಮ್ಮ. ನಾನು ಮೂವತ್ತು ವರ್ಷದಿಂದ ಮೆಣಸಿನ ಗಿಡಕ್ಕೆ ಹುಳಿ ಮಜ್ಜಿಗೆ, ಅಕ್ಕಿ ತೊಳೆದ ನೀರು ಬಿಟ್ಟು ಬೇರೆ ಹಾಕಿದವಳೇ ಅಲ್ಲ. ಮೊಟ್ಟೆ ಚಿಪ್ಪು ಪುಡಿ ಮಾಡಿ ಬುಡಕ್ಕೆ ಹಾಕು, ಹೂ ನಿಲ್ಲುತ್ತೆ. (ನಾವು ಮೊಟ್ಟೆ ತಿನ್ನಲ್ಲ, ಪಕ್ಕದ ಮನೆಯವರು ಕೊಡ್ತಾರೆ.)

ಲೆಕ್ಕದ ಮೇಷ್ಟ್ರು
ಮೂರನೇ ಮಹಡಿಯವರೇ, ಪಂಚಗವ್ಯ ಸೇರಿಸೋ ಮೊದಲು ಒಂದು ಲೆಕ್ಕ ಮಾಡೋಣ.

ಒಂದು ಕುಂಡದ ಗಿಡಕ್ಕೆ ಎಲೆ ಪೂರ್ತಿ ಒದ್ದೆಯಾಗಲು 50 ಮಿ.ಲೀ. ದ್ರಾವಣ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂ 19:19:19 ಬೆರೆಸಿದ್ದರೆ ಆ 50 ಮಿ.ಲೀ.ನಲ್ಲಿರೋದು 0.1 ಗ್ರಾಂ ಪುಡಿ. ಅದರಲ್ಲಿ ಸಾರಜನಕ ನೂರಕ್ಕೆ 19, ಅಂದರೆ 19 ಮಿಲಿಗ್ರಾಂ. ಅದೂ ಒಂದು ಹನಿ ಕೆಳಗೆ ಬೀಳದೆ ಎಲ್ಲಾ ಎಲೆಯೊಳಕ್ಕೇ ಹೋದರೆ.

ಈಗ ಒಂದು ಹಿಡಿ ಕಡಲೆಕಾಯಿ ಹಿಂಡಿ ಬುಡಕ್ಕೆ ಹಾಕಿ. 50 ಗ್ರಾಂ ಅಂದುಕೊಳ್ಳಿ. ಹಿಂಡಿಯಲ್ಲಿ ಸಾರಜನಕ ಸುಮಾರು ಶೇ. 7. ಅಂದರೆ ಮೂರೂವರೆ ಗ್ರಾಂ. ಅಷ್ಟನ್ನು ಎಲೆಯ ಮೂಲಕ ಕೊಡಬೇಕಾದರೆ ನೀವು ನೂರೆಂಬತ್ತು ಸಲಕ್ಕಿಂತ ಹೆಚ್ಚು ಸ್ಪ್ರೇ ಮಾಡಬೇಕು. ವಾರಕ್ಕೊಂದರಂತೆ ಮೂರೂವರೆ ವರ್ಷ.

ಎಲೆ ಗಿಡದ ಬಾಯಲ್ಲ. ಎಲೆಗೆ ಕೊಡೋದು ಔಷಧಿ, ಬುಡಕ್ಕೆ ಕೊಡೋದು ಊಟ.

ತುಂಗೆಯ ದಡ (ತೀರ್ಥಹಳ್ಳಿ ಕಡೆ)
ಮೆಣಸಿಗೆ ಇದೆಲ್ಲ ಯಾಕ್ರೀ? ಮಳೆಗಾಲ ಹಿಡಿಯೋಕೆ ಮೊದಲು ಒಂದು ಬೋರ್ಡೋ ದ್ರಾವಣ ಹೊಡೀರಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಸೊರಗು ರೋಗ ಹತ್ತಿರ ಬರಲ್ಲ. ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೇ. ಯಾವ ಮರಕ್ಕೆ ಹಬ್ಬಿಸಿದೀರಿ, ಅಡಿಕೆಗೋ ಸಿಲ್ವರ್ ಓಕಿಗೋ?

ಮೂರನೇ ಮಹಡಿ
ಸರ್, ಅದು ಕರಿಮೆಣಸು. ನಂದು ಹಸಿಮೆಣಸಿನಕಾಯಿ! ತಾರಸಿ ಮೇಲೆ ಸಿಲ್ವರ್ ಓಕ್ ಇಲ್ಲ 😀

ತುಂಗೆಯ ದಡ
ಓ. ನಮ್ಮಲ್ಲಿ ಮೆಣಸು ಅಂದ್ರೆ ಅದೇ. ನೀವು ಶೀರ್ಷಿಕೆಯಲ್ಲಿ ‘ಕಾಯಿ’ ಅಂತ ಬೇರೆ ಬರೆದಿದೀರಲ್ಲ, ಮೆಣಸಿನ ಕರೆ (ಗೊಂಚಲು) ಕಟ್ಟಿಲ್ಲ ಅಂದ್ಕೊಂಡೆ.

ಕುಡ್ಲದ ಕಾಯಿಮೆಣಸು
ಎಂಥದು ಮಾರಾಯ್ರೆ, ಇದಕ್ಕೇ ನಾವು ಕಾಯಿಮೆಣಸು, ಒಣಮೆಣಸು, ಕರಿಮೆಣಸಿಗೆ ಒಳ್ಳೆಮೆಣಸು ಅಂತ ಬೇರೆ ಬೇರೆ ಹೆಸರು ಇಟ್ಟದ್ದು. ನಿಮ್ಮ ಬೆಂಗಳೂರಲ್ಲಿ ಎಲ್ಲದಕ್ಕೂ ಚಿಲ್ಲಿ.

ಸೊಪ್ಪಿನ ಸಾರು
ಒಳ್ಳೆಮೆಣಸು ಅಂದ್ರೆ ಉಳಿದದ್ದು ಕೆಟ್ಟದ್ದಾ?

ಕುಡ್ಲದ ಕಾಯಿಮೆಣಸು
ಕಾಯಿಮೆಣಸು ಪೋರ್ಚುಗೀಸರು ತಂದದ್ದು ಆಮೇಲೆ ಅಲ್ವಾ. ಮೊದಲು ಇದ್ದದ್ದು ಒಳ್ಳೇದು. ಅಷ್ಟೇ.

ಹಾವೇರಿ ಹೊಲ
ಅಕ್ಕಾರ, ನಿಮ್ಮ ಗಿಡಕ್ಕ ಗೊಬ್ಬರ ಕಡಿಮಿ ಆಗಿಲ್ರೀ. ನುಸಿ ಬಿದ್ದೈತಿ, ಅಂದ್ರ ರಸ ಹೀರೋ ಸಣ್ಣ ಹುಳ.

ಚಿಗುರು ಮುದುಡೇತಿ ಅಂದ್ರಿ, ಮ್ಯಾಲ ಮುದುಡೇತೋ ಕೆಳಗ ಮುದುಡೇತೋ ಹೇಳಲಿಲ್ಲ. ಅದರ ಮ್ಯಾಲ ಎಲ್ಲಾ ನಿಂತೈತಿ. ಎಲಿ ಅಂಚು ದೋಣಿ ಹಂಗ ಮ್ಯಾಲಕ್ಕ ಎದ್ದಿದ್ರ ಥ್ರಿಪ್ಸ್ ಅನ್ನೋ ನುಸಿ. ದೋಣಿ ಬೋರಲ ಹಾಕಿದಂಗ ಕೆಳಗ ಬಾಗಿ, ಎಲಿ ತೊಟ್ಟು ಉದ್ದ ಆಗಿದ್ರ ಮೈಟ್ ಅನ್ನೋ ನುಸಿ. ಎಲಿ ಸಣ್ಣಾಗಿ, ಗಂಟ ಗಂಟ ಆಗಿ, ಗಿಡಾನ ಕುಬ್ಜ ಆಗಿದ್ರ ಅದು ವೈರಸ್ಸು, ಬಿಳಿನೊಣ ತಂದಿದ್ದು. ಅದಕ್ಕ ಔಷಧ ಇಲ್ಲ, ಕಿತ್ತ ಒಗೀರಿ.

ಒಂದ ಬಿಳಿ ಹಾಳಿ ತಗೊಂಡು ಹೂವಿನ ಕೆಳಗ ಹಿಡಿದು ಟೊಂಗಿ ತಟ್ರಿ. ಸಣ್ಣ ಗೆರಿ ಎಳೆದಂಗ ಹುಳ ಹರಿದಾಡಿದ್ರ ಥ್ರಿಪ್ಸ್. 2021ರಾಗ ಕರೀ ಥ್ರಿಪ್ಸ್ ಬಂದಾಗ ಆಂಧ್ರ, ತೆಲಂಗಾಣದಾಗ ಮಂದಿ ನಿಂತ ಬೆಳಿ ಕಿತ್ತ ಹಾಕಿದ್ರು. ನಮ್ಮ ಕಾಕಾನ ಹೊಲದಾಗೂ ಎರಡ ಎಕರೆ ಹೋತು. ಅದು ಹೂವಿನಾಗ ಹೊಕ್ಕೊಂಡ ಕುಂದರತೈತಿ, ಹೂವ ಉದರತಾವ. ಎಷ್ಟ ಎಣ್ಣಿ (ಔಷಧಿ) ಹೊಡೆದ್ರೂ ಸಾಯಲಿಲ್ಲ.

ಇನ್ನೊಂದ ಮಾತು. ನೀವು ಕಡುಹಸಿರು ಅಂದ್ರಲ್ಲ, ಅದು ಖುಷಿ ಪಡೋ ಸುದ್ದಿ ಅಲ್ರೀ. ಸಾರಜನಕ ಹೆಚ್ಚಾಗಿ ಗಿಡ ಮೆತ್ತಗಾದ್ರ ರಸ ಹೀರೋ ಹುಳಕ್ಕ ಹಬ್ಬ. ನೀವ ಸೋಮವಾರ ಸೋಮವಾರ ಹುಳಕ್ಕ ಊಟ ಹಾಕಾಕತ್ತೀರಿ.

ಮೂರನೇ ಮಹಡಿ
ಅಯ್ಯೋ. ಈಗಷ್ಟೇ ಮೇಲೆ ಹೋಗಿ ನೋಡಿ ಬಂದೆ. ಮೇಲಕ್ಕೇ ಮುದುಡಿದೆ, ದೋಣಿ ಥರ. ಬಿಳಿ ಹಾಳೆ ಪರೀಕ್ಷೆ ನಾಳೆ ಬೆಳಿಗ್ಗೆ ಮಾಡ್ತೀನಿ.

ಮೇಷ್ಟ್ರೇ, ಲೀಟರಿಗೆ 2 ಗ್ರಾಂ ಅಂದ್ರಲ್ಲ, ನಾನು ಒಂದು ಟೇಬಲ್ ಸ್ಪೂನ್ ಹಾಕ್ತಿದ್ದೆ. ಜಾಸ್ತಿನಾ?

ಲೆಕ್ಕದ ಮೇಷ್ಟ್ರು
ತಲೆ ಸವರಿ ಹಾಕಿದ್ದರೂ ಹನ್ನೆರಡು-ಹದಿನೈದು ಗ್ರಾಂ ಆಗುತ್ತೆ. ಆರೇಳು ಪಟ್ಟು. ನಿಮ್ಮ ಎಲೆಯಂಚು ಸುಟ್ಟಿದ್ದು ರೋಗ ಅಲ್ಲ, ಉಪ್ಪು. ಎಲೆ ಮೇಲೆ ನೀರು ಆರಿ ಉಪ್ಪು ಉಳಿಯುತ್ತೆ, ಅದು ಎಲೆಯೊಳಗಿನ ನೀರನ್ನೇ ಎಳೆಯುತ್ತೆ. ಉಪ್ಪಿನಕಾಯಿಗೆ ಮಿಡಿ ಉಪ್ಪಲ್ಲಿ ಹಾಕಿದಾಗ ನೀರು ಬಿಡಲ್ವೇ, ಹಾಗೆ. ಎಷ್ಟು ಹೊತ್ತಿಗೆ ಹೊಡೀತಿದ್ರಿ?

ಮೂರನೇ ಮಹಡಿ
ಮಕ್ಕಳನ್ನ ಸ್ಕೂಲಿಗೆ ಕಳಿಸಿ, ಅಡುಗೆ ಮುಗಿಸಿ... ಹನ್ನೊಂದು, ಹನ್ನೊಂದೂವರೆ.

ಲೆಕ್ಕದ ಮೇಷ್ಟ್ರು
ಮಾರ್ಚ್ ತಿಂಗಳು, ತಾರಸಿ, ಹನ್ನೊಂದೂವರೆ. ಗಿಡ ಇನ್ನೂ ಬದುಕಿದೆ ಅಂದರೆ ಅದು ಅರ್ಕ ಮೇಘನದ ದೊಡ್ಡತನ.

ಕೆರೆ ಏರಿ (ಮಂಡ್ಯ)
ನೀರ್ ಎಂಗ್ ಆಕ್ತಿದೀರಿ ಅಂತ ಯಾರೂ ಕೇಳ್ನೇ ಇಲ್ವಲ್ಲ. ನಮ್ಮ ಚಿಕ್ಕವ್ವ ಒಂದು ಗೊಬ್ಬರ ಆಕಲ್ಲ, ಒಸಿ ತಿಪ್ಪೆ ಗೊಬ್ಬರ ಮಡಗ್ತಳೆ ಅಷ್ಟೆಯ. ಬುಡ ಕೆದಕಿ, ಮಣ್ಣು ಒಣಗದೆ ಅಂದ್ರೆ ನೀರು. ಇಲ್ಲ ಅಂದ್ರೆ ಇಲ್ಲ. ಕಾಯಿ ಕೊಂಬೆ ಬಗ್ಗಂಗೆ ಬಿಡ್ತದೆ. ಕೋಕೋಪೀಟು ಮೇಲೆ ಒಣಗಿರಂಗ್ ಕಾಣ್ತದೆ, ಒಳಗೆ ಕೆಸರು. ಬೆಳ್ಳು ಆಕಿ ನೋಡಿ.

ಹಸಿರು ಡಿಗ್ರಿ
ಮೇಷ್ಟ್ರ ಲೆಕ್ಕ ಸರಿ, ಆದರೆ ತೀರ್ಮಾನ ಪೂರ್ತಿ ಒಪ್ಪಲ್ಲ. ತೋಟಗಾರಿಕೆ ಓದಿದವಳು ನಾನು, ಸ್ವಲ್ಪ ಜಗಳ ಆಡಲೇಬೇಕು.

ಸಾರಜನಕ, ರಂಜಕ, ಪೊಟ್ಯಾಷ್ ಗಿಡಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕು. ಅದನ್ನು ಎಲೆಯಿಂದ ತುಂಬಿಸೋಕಾಗಲ್ಲ, ಒಪ್ಪಿದೆ. ಆದರೆ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್ ಬೇಕಾಗೋದು ಮಿಲಿಗ್ರಾಂ ಲೆಕ್ಕದಲ್ಲಿ. ಅಲ್ಲಿ ಎಲೆ ಸಿಂಪಡಣೆಯೇ ಸುಲಭದ ದಾರಿ. ಬೆಂಗಳೂರಿನ ಅರ್ಧ ಜನ ಗಡುಸು ಬೋರ್‌ವೆಲ್ ನೀರು ಹಾಕ್ತಾರೆ. ಆ ನೀರಿಂದ ಮಣ್ಣು ಕ್ಷಾರ ಆದರೆ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಆಗುತ್ತೆ. ಆಗ ಬುಡಕ್ಕೆ ಎಷ್ಟು ಸುರಿದರೂ ವ್ಯರ್ಥ, ಎಲೆಗೆ ಕೊಟ್ಟರೆ ವಾರದಲ್ಲಿ ಗೊತ್ತಾಗುತ್ತೆ.

ಇನ್ನೊಂದು ಸಂದರ್ಭ: ಜುಲೈ-ಆಗಸ್ಟಿನಲ್ಲಿ ಜಡಿಮಳೆ ಹಿಡಿದು ಬುಡ ನೆನೆದು ನಿಂತಾಗ ಬೇರು ಉಸಿರಾಡಲ್ಲ, ಏನನ್ನೂ ಎಳ್ಕೊಳಲ್ಲ. ಮಳೆ ಬಿಟ್ಟ ಒಂದು ದಿನ ತೆಳ್ಳಗೆ ಸ್ಪ್ರೇ ಮಾಡಿದರೆ ಗಿಡ ಚೇತರಿಸ್ಕೊಳ್ಳುತ್ತೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ವೆಜಿಟಬಲ್ ಸ್ಪೆಷಲ್’ ಪುಡಿ ಇದಕ್ಕೇ ಮಾಡಿದ್ದು. ಪ್ಯಾಕೆಟ್ ಮೇಲೆ ಬೆಳೆವಾರು ಪ್ರಮಾಣ ಇರುತ್ತೆ, ಅಷ್ಟೇ ಹಾಕಿ. ಜೊತೆಗೆ ನಿಂಬೆಹಣ್ಣಿನ ರಸ, ಶಾಂಪೂ ಬೆರೆಸೋಕೆ ಹೇಳ್ತಾರೆ. ಶಾಂಪೂ ಇಲ್ಲದಿದ್ದರೆ ಹನಿ ಮೆಣಸಿನೆಲೆ ಮೇಲೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರಿಬಿಡುತ್ತೆ. ಎಲೆಯ ಕೆಳಭಾಗಕ್ಕೂ ಹೊಡೀರಿ, ಪತ್ರರಂಧ್ರ (ಎಲೆ ಉಸಿರಾಡೋ ಸಣ್ಣ ತೂತು) ಅಲ್ಲೇ ಹೆಚ್ಚು. ಬೆಳಿಗ್ಗೆ ಎಂಟರೊಳಗೆ ಅಥವಾ ಬಿಸಿಲು ಇಳಿದ ಮೇಲೆ. ನಿಧಾನಕ್ಕೆ ಆರಿದಷ್ಟೂ ಒಳಗೆ ಹೋಗೋದು ಹೆಚ್ಚು.

ಲೆಕ್ಕದ ಮೇಷ್ಟ್ರು
ಔಷಧಿ ಅಂತ ನಾನೂ ಅದನ್ನೇ ಹೇಳಿದ್ದು. ನೀವು ಉದ್ದಕ್ಕೆ ಹೇಳಿದ್ರಿ.

ಹಸಿರು ಡಿಗ್ರಿ
ನೀವು ಮೂರೂವರೆ ವರ್ಷ ಅಂತ ಹೆದರಿಸಿದ್ರಿ.

ಅಜ್ಜಿ ತೋಟ
ಹಾಗಾದರೆ ಎಪ್ಸಮ್ ಸಾಲ್ಟು? ನಮ್ಮ ಯೋಗ ಕ್ಲಾಸಿನಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ.

ಹಸಿರು ಡಿಗ್ರಿ
ಅಜ್ಜಿ, ಅದು ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ ಪ್ರಯೋಜನ. ಕೊರತೆ ಇದ್ದರೆ ಮೊದಲು ಹಳೇ ಎಲೆ ಹಳದಿಯಾಗುತ್ತೆ, ನರಗಳ ನಡುವೆ. ಮೇಲಿನದ್ದಲ್ಲ, ಕೆಳಗಿನ ಎಲೆ. ಹಾಗೆ ಕಂಡರೆ ಲೀಟರಿಗೆ 5 ಗ್ರಾಂ, ಒಂದೆರಡು ಸಲ ಸಾಕು. ಇವರ ಗಿಡ ಕಡುಹಸಿರು ಇದೆ, ಬೇಕಾಗೇ ಇಲ್ಲ. ಮೆಗ್ನೀಸಿಯಂ ಅತಿಯಾದರೆ ಕ್ಯಾಲ್ಸಿಯಂ ಒಳಗೆ ಬರೋದಕ್ಕೆ ಅಡ್ಡ. ವಾರ ವಾರ ಶುಕ್ರವಾರದ ಪೂಜೆ ಥರ ಮಾಡೋದಲ್ಲ.

ಗದ್ದೆಯಂಚು
ಎಲೆ ಗೊಬ್ಬರ ಅಂತ ಮಾತು ಬಂದಾಗ ನ್ಯಾನೋ ಯೂರಿಯಾ ಯಾರೂ ಎತ್ತಲೇ ಇಲ್ಲ? ಅರ್ಧ ಲೀಟರ್ ಬಾಟಲಿ ಒಂದು ಮೂಟೆ ಯೂರಿಯಾಗೆ ಸಮ ಅಂತ ತಯಾರಿಸಿದವರು ಹೇಳಿದ್ರಲ್ಲ.

ಲೆಕ್ಕದ ಮೇಷ್ಟ್ರು
ನನ್ನ ಬಾಯಿ ತೆಗೆಸ್ತೀರಿ. 2021ರಲ್ಲಿ ಬಂದ ಮೊದಲ ಬಾಟಲಿಯಲ್ಲಿ ಸಾರಜನಕ ಶೇ. 4. 500 ಮಿ.ಲೀ.ಗೆ 20 ಗ್ರಾಂ. 45 ಕೆಜಿ ಮೂಟೆಯಲ್ಲಿ ಶೇ. 46ರಂತೆ ಇಪ್ಪತ್ತು ಕೆಜಿಗೂ ಮೇಲೆ. ಗ್ರಾಂ ಎಲ್ಲಿ, ಕೆಜಿ ಎಲ್ಲಿ? ಸಣ್ಣ ಕಣ, ಹೆಚ್ಚು ಹೀರಿಕೆ ಅಂತಾರೆ. ನೂರಕ್ಕೆ ನೂರು ಹೀರಿದರೂ ಇಪ್ಪತ್ತೇ ಗ್ರಾಂ ತಾನೇ.

ಗದ್ದೆಯಂಚು
ನಾನು ಭತ್ತಕ್ಕೆ ಹೊಡೆದಿದ್ದೆ. ಹಸಿರು ಚೆನ್ನಾಗಿ ಬಂತು.

ಹಾವೇರಿ ಹೊಲ
ಬುಡಕ್ಕ ಮೂಟಿ ಯೂರಿಯಾನೂ ಹಾಕಿದ್ರಿಲ್ಲ?

ಗದ್ದೆಯಂಚು
ಅದು... ಒಂದು ಮೂಟೆ ಹಾಕಿದ್ದೆ. ರೂಢಿ.

ಸೊಪ್ಪಿನ ಸಾರು
🤣

ಕುಡ್ಲದ ಕಾಯಿಮೆಣಸು
ನನ್ನದೊಂದು ಬೇರೆ ತೊಂದರೆ. ದೊಣ್ಣೆಮೆಣಸಿನ ತುದಿ ಕಪ್ಪಾಗಿ, ಚರ್ಮದ ಹಾಗೆ ಆಗಿ ಕೊಳೆಯುವುದು. ಕ್ಯಾಲ್ಸಿಯಂ ಇಲ್ಲ ಅಂತ ಹೇಳಿದರು, ಎಲೆಗೆ ಕ್ಯಾಲ್ಸಿಯಂ ನೈಟ್ರೇಟ್ ಹೊಡೆದೆ. ಏನೂ ಆಗಲಿಲ್ಲ. ಅಜ್ಜಿ ಹೇಳಿದ ಮೊಟ್ಟೆ ಚಿಪ್ಪೂ ಹಾಕಿದ್ದೇನೆ. ಚಿಪ್ಪು ಹಾಗೇ ಉಂಟು, ಮಣ್ಣು ಕೆದಕಿದರೆ ಸಿಗ್ತದೆ, ಬೇಕಾದರೆ ಅಂಟಿಸಿ ವಾಪಸ್ ಮೊಟ್ಟೆ ಮಾಡಬಹುದು.

ಹಸಿರು ಡಿಗ್ರಿ
ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್, ಸುಣ್ಣದ ಕಲ್ಲಿನ ಜಾತಿ. ನುಣ್ಣಗೆ ಪುಡಿ ಮಾಡದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತೆ. ಈ ಸಲದ ಕಾಯಿಗಂತೂ ಅದು ಸಿಗಲ್ಲ.

ಎಲೆಗೆ ಹೊಡೆದದ್ದು ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಕ್ಯಾಲ್ಸಿಯಂ ನೀರಿನ ಜೊತೆ ಬೇರಿಂದ ಮೇಲಕ್ಕೆ ಹೋಗೋ ಪ್ರಯಾಣಿಕ, ಒನ್ ವೇ. ಎಲೆಗೆ ಬಂದು ಇಳಿದರೆ ಅಲ್ಲಿಂದ ಕಾಯಿಗೆ ಬಸ್ ಇಲ್ಲ. ನಿಮ್ಮ ಮಣ್ಣಲ್ಲಿ ಕ್ಯಾಲ್ಸಿಯಂ ಇರಬಹುದು. ಒಂದು ದಿನ ಬಾಡಿಸಿ ಒಂದು ದಿನ ಮುಳುಗಿಸಿದರೆ ಕಾಯಿಗೆ ಸರಿಯಾಗಿ ತಲುಪಲ್ಲ. ಮಂಡ್ಯದವರು ಹೇಳಿದ್ದೇ ಇದಕ್ಕೂ ಉತ್ತರ. ಬೆರಳು ಹಾಕಿ ನೋಡಿ, ಒಂದೇ ಸಮನೆ ನೀರು ಕೊಡಿ, ಬುಡಕ್ಕೆ ತರಗೆಲೆ ಮುಚ್ಚಿ.

ಕೆರೆ ಏರಿ
ಡಿಗ್ರಿ ಮಾಡಿದೋರೇ ಒಪ್ಕಂಡ್ರಲ್ಲ. ಚಿಕ್ಕವ್ವಂಗೆ ಯೋಳ್ತೀನಿ.

ಅಜ್ಜಿ ತೋಟ
ಹೋಗಲಿ ಬಿಡಿ, ನನ್ನ ಮೊಟ್ಟೆ ಚಿಪ್ಪು ತಪ್ಪಾಯ್ತು. ಮಜ್ಜಿಗೆ ಮಾತ್ರ ನಾನು ಬಿಡೋದಿಲ್ಲ.

ಡಾಲಸ್ ಡಬ್ಬಿ
ಟೆಕ್ಸಾಸಿನಿಂದ. ಊರಿಂದ ಬಂದವರು ಕೊಟ್ಟ ಬ್ಯಾಡಗಿ ಒಣಮೆಣಸಿನ ಬೀಜ ಹಿತ್ತಲಲ್ಲಿ ಹಾಕಿದ್ದೆ. ಜುಲೈ-ಆಗಸ್ಟಲ್ಲಿ 38-40 ಡಿಗ್ರಿ. ಗಿಡ ಇರುತ್ತೆ, ಹೂವೂ ಬರುತ್ತೆ, ಒಂದೂ ನಿಲ್ಲಲ್ಲ. ನಾನೂ ನಿಮ್ಮ ಹಾಗೆ ಏನೇನೋ ಹೊಡೆದೆ. ಸೆಪ್ಟೆಂಬರ್ ಕೊನೆಗೆ ರಾತ್ರಿ ತಂಪಾದ ಮೇಲೆ ತಾನಾಗೇ ಕಾಯಿ ಕಚ್ಚಿತು. ಹಗಲು 35 ದಾಟಿ ರಾತ್ರಿನೂ ಸೆಕೆ ಇದ್ದರೆ ಪರಾಗ ಸರಿಯಾಗಿ ಕೆಲಸ ಮಾಡಲ್ಲ ಅಂತ ಆಮೇಲೆ ಗೊತ್ತಾಯ್ತು. ಈಗ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಹಸಿರು ನೆರಳುಬಲೆ ಕಟ್ಟಿ ಸುಮ್ಮನಿರ್ತೀನಿ.

ಒಂದು ಪ್ರಶ್ನೆ: ಬ್ಯಾಡಗಿ ಬೀಜ ಅಂತ ಹಾಕಿದ್ದು, ಕಾಯಿ ಸುಕ್ಕು ಬರದೆ ನುಣ್ಣಗೆ ಬಂದಿದೆ. ಖಾರ ಬೇರೆ ಜಾಸ್ತಿ. ಯಾಕೆ?

ಹಾವೇರಿ ಹೊಲ
ಅದು ಬ್ಯಾಡಗಿ ಅಲ್ರೀ ಅಣ್ಣಾರ, ಬ್ಯಾಡಗಿ ಪ್ಯಾಟಿ ನೋಡಿ ಬಂದ ಬ್ಯಾರೆ ಕಾಯಿ ಇರಬೇಕು. ಬ್ಯಾಡಗಿ ಮಾರ್ಕೆಟ್ಟಿಗೆ ಎಲ್ಲಾ ಕಡಿ ಮಾಲು ಬರತೈತಿ. ಖರೇ ಬ್ಯಾಡಗಿ, ಅಂದ್ರ ಕಡ್ಡಿ, ಡಬ್ಬಿ ಜಾತಿ ಆದ್ರ ಸುಕ್ಕು ಇರಬೇಕು, ಬಣ್ಣ ಕೆಂಪಗ, ಖಾರ ಕಡಿಮಿ. 2011ರಾಗ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ಆ ಬಣ್ಣಕ್ಕ. ಇಲ್ಲಂದ್ರ ಬಾಜೂಕ ಬ್ಯಾರೆ ಮೆಣಸಿನಗಿಡ ಇದ್ದು ಬೆರಕಿ ಆಗಿರಬಹುದು. ಮೆಣಸಿನಕಾಯಿ ತನ್ನ ಪರಾಗ ತಾನ ಹಿಡಿಯೋದು ಖರೆ, ಆದ್ರ ಜೇನು ಬಂದ್ರ ಬೆರಕಿ ಆಗೇ ಆಗತೈತಿ. ಡಬ್ಬಿ ಬೀಜ ಬೇಕಂದ್ರ ರೈತರ ಮನಿಯಿಂದನ ತರಸ್ರಿ.

ಡಾಲಸ್ ಡಬ್ಬಿ
ಅಂದ್ರೆ ನನ್ನ ಹೆಸರು ಬದಲಾಯಿಸ್ಕೋಬೇಕು.

ತುಂಗೆಯ ದಡ
ಹೂ ಉದುರೋಕೆ ಪ್ಲಾನೋಫಿಕ್ಸ್ ಅಂತ ಬರುತ್ತಲ್ಲ, ನಮ್ಮ ಭಾವ ತರಕಾರಿ ಬೆಳೆಯೋರು ಹೊಡೀತಾರೆ. (ಈ ಸಲ ಹಸಿಮೆಣಸಿಗೇ ಹೇಳ್ತಿದೀನಿ.)

ಹಸಿರು ಡಿಗ್ರಿ
ಅದು ಗೊಬ್ಬರ ಅಲ್ಲ, ಹಾರ್ಮೋನು. ನಾಲ್ಕೂವರೆ ಲೀಟರ್ ನೀರಿಗೆ 1 ಮಿ.ಲೀ. ಅಷ್ಟೇ. ಟೇಬಲ್ ಸ್ಪೂನಿನವರ ಕೈಗೆ ದಯವಿಟ್ಟು ಕೊಡಬೇಡಿ.

ಮೂರನೇ ಮಹಡಿ
ಕೇಳಿಸ್ತು 😑

ಬಿಳಿ ಹಾಳೆ ಫಲಿತಾಂಶ: ಒಂದು ಹೂವಿನಿಂದ ಏಳು ಹುಳ. ಸಣ್ಣವು, ಕೆಲವು ಹಳದಿ, ಕೆಲವು ಕಪ್ಪು. ಐದು ತಿಂಗಳು ಇವನ್ನೇ ಸಾಕಿದೆ ಅನ್ಸುತ್ತೆ. ಈಗೇನು ಮಾಡಲಿ? ಜೋರು ಔಷಧಿ ಬೇಡ, ಕಾಯಿ ಮನೆಗೇ ಬಳಸೋದು.

ಹಾವೇರಿ ಹೊಲ
ಒಂಬತ್ತ ಗಿಡಕ್ಕ ಜೋರ ಎಣ್ಣಿ ಬ್ಯಾಡ. ಮುದುಡಿದ ತುದಿ ಎಲ್ಲಾ ಚಿವುಟಿ ಕವರಿನಾಗ ಕಟ್ಟಿ ಒಗೀರಿ, ಅಲ್ಲೇ ತಾರಸಿ ಮ್ಯಾಲ ಬಿಡಬ್ಯಾಡ್ರಿ. ಈಗ ಇರೋ ಹೂವನೂ ಕಿತ್ತ ಹಾಕ್ರಿ, ಹೊಟ್ಟಿ ಉರೀತೈತಿ ಗೊತ್ತು, ಆದ್ರ ಹುಳ ಅದರಾಗ ಐತಿ. ನೀಲಿ ಅಂಟು ಹಾಳಿ ಎರಡ ತೂಗಹಾಕ್ರಿ. ಬೇವಿನ ಎಣ್ಣಿ ಲೀಟರಿಗೆ 5 ಎಂ.ಎಲ್., ಸೋಪಿನ ನೀರಾಗ ಕಲಸಿ, ಸಂಜಿಮುಂದ, ವಾರಕ್ಕೊಮ್ಮೆ. ಬಿಸಲಾಗ ಎಣ್ಣಿ ಹೊಡೆದ್ರ ಎಲಿ ಹಪ್ಪಳ ಆಗತಾವ.

ಲೆಕ್ಕದ ಮೇಷ್ಟ್ರು
ಸೋಮವಾರದ್ದು, ಶುಕ್ರವಾರದ್ದು ನಿಲ್ಲಿಸಿ. ಬ್ಯಾಗಿನಲ್ಲಿ ಉಪ್ಪು ಸೇರಿರುತ್ತೆ, ಒಂದು ಸಲ ಕೆಳಗಿಂದ ನೀರು ಹರಿಯೋವರೆಗೂ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೊಂದು ಸಲ. ಆಮೇಲೆ ಒಂದು ತಿಂಗಳು ಬುಡಕ್ಕೂ ಏನೂ ಬೇಡ. ನಂತರ ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ ಸೇರಿಸಿ ಒಂದು ಹಿಡಿ, ಮಣ್ಣಲ್ಲಿ ಬೆರೆಸಿ ಮುಚ್ಚಿ. ಮೇಲೆ ಉದುರಿಸಿದರೆ ಇಲಿ, ಇರುವೆ.

ಅಜ್ಜಿ ತೋಟ
ಮಜ್ಜಿಗೆ?

ಲೆಕ್ಕದ ಮೇಷ್ಟ್ರು
ಕುಡೀರಿ ಅಜ್ಜಿ.

ಮೂರನೇ ಮಹಡಿ (ಆರು ವಾರದ ಮೇಲೆ)
ಯಾರಾದರೂ ಇನ್ನೂ ಇದೀರಾ? ಸುದ್ದಿ ಹೇಳೋಣ ಅಂತ ಬಂದೆ.

ಎರಡು ಗಿಡ ಕಿತ್ತು ಹಾಕಿದೆ. ಹಾವೇರಿಯವರು ಹೇಳಿದ ವೈರಸ್ ಲಕ್ಷಣ ಇತ್ತು, ಎಲೆ ಸಣ್ಣ ಸಣ್ಣಗೆ ಗಂಟಾಗಿತ್ತು. ಉಳಿದ ಏಳರ ತುದಿ ಚಿವುಟಿದೆ. ಮೊದಲ ಎರಡು ವಾರ ಬೋಳು ಬೋಳಾಗಿ ನಿಂತಿದ್ದನ್ನ ನೋಡಿ ಯಜಮಾನರು ‘ಇದೇನು ಪೊರಕೆ ನೆಟ್ಟಿದೀಯಾ’ ಅಂದರು. ಏಪ್ರಿಲ್ ಮಧ್ಯದಲ್ಲಿ ಎರಡು ಮಳೆ ಆಯ್ತಲ್ಲ, ಅದಾದ ಮೇಲೆ ಚಿಗುರು ನೇರವಾಗಿ ಬಂತು. ಹೂವು ನಿಲ್ತಿದೆ. ಮಳೆಯಿಂದಲೋ, ನಾನು ಸುಮ್ಮನಿದ್ದದ್ದರಿಂದಲೋ ಗೊತ್ತಿಲ್ಲ. ಥ್ರಿಪ್ಸ್ ಪೂರ್ತಿ ಹೋಗಿಲ್ಲ, ಹಾಳೆ ತಟ್ಟಿದರೆ ಒಂದೋ ಎರಡೋ ಕಾಣುತ್ತೆ. ಬಜ್ಜಿ ಮೆಣಸಿನಕಾಯಿ ಒಂದರಲ್ಲೇ ಹದಿನಾಲ್ಕು ಕಾಯಿ. ಸೂಜಿ ಮೆಣಸು ಎಣಿಸೋದು ಬಿಟ್ಟಿದೀನಿ.

ಹಸಿರು ಡಿಗ್ರಿ ಅವರು ಹೇಳಿದ ವೆಜಿಟಬಲ್ ಸ್ಪೆಷಲ್ ಒಂದೇ ಒಂದು ಸಲ ಹೊಡೆದೆ, ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ.

ಅಜ್ಜಿ, ಮಜ್ಜಿಗೆ ವ್ಯರ್ಥ ಆಗಲಿಲ್ಲ. ನಮ್ಮತ್ತೆ ಅದರಲ್ಲೇ ಮಜ್ಜಿಗೆ ಮೆಣಸಿನಕಾಯಿ ಹಾಕಿ ಒಣಗಿಸಿದಾರೆ.

ಅಜ್ಜಿ ತೋಟ
ನೋಡಿದೆಯಾ, ಕೊನೆಗೂ ಮಜ್ಜಿಗೆಯೇ. ಓಮ, ಇಂಗು ಹಾಕಿದಾರೆ ತಾನೇ?

ಸೊಪ್ಪಿನ ಸಾರು
ಮೇಘನ ಕಾಯಿಯ ಬೀಜ ಎತ್ತಿಟ್ಟರೆ ನಂಗೂ ನಾಲ್ಕು ಕೊಡಿ.

ಹಸಿರು ಡಿಗ್ರಿ
ಅದು ಹೈಬ್ರಿಡ್, ಬೀಜದಿಂದ ಹಾಗೇ ಬರಲ್ಲ. ಸೂಜಿ ಮೆಣಸಿನದು ಕೇಳಿ.

ತುಂಗೆಯ ದಡ
ಮಳೆ ಹತ್ತಿರ ಬಂತು. ಇನ್ನಾದರೂ ಯಾರಾದರೂ ಬೋರ್ಡೋ ಬಗ್ಗೆ ಕೇಳ್ತೀರೋ, ನಾನೇ ಬೇರೆ ಚರ್ಚೆ ಶುರು ಮಾಡಲೋ?